ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಕಿಟ್: ಹಳೆಯ ಕಾರಿಗೆ ಒಪ್ಪುವ ಬದಲಾವಣೆಯೇ?

ಹಳೆಯ ಕಾರುಗಳಿಗೆ ಮಾಡಿಸುವ ಬದಲಾವಣೆಗಳಲ್ಲಿ, ಎಂಜಿನ್ನಿನ ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್‌ನೊಳಗಿನ ಕಾಂಟ್ಯಾಕ್ಟ್ ಪಾಯಿಂಟ್ (ಕರೆಂಟ್ ಕಡಿಯುವ ಪುಟ್ಟ ಸ್ವಿಚ್) ಮತ್ತು ಕಂಡೆನ್ಸರ್‌ಗಳನ್ನು ತೆಗೆದು ಆ ಜಾಗದಲ್ಲಿ ಎಲೆಕ್ಟ್ರಾನಿಕ್ ಮಾಡ್ಯೂಲ್ ಕೂರಿಸುವುದು ತೀರ ಚಿಕ್ಕ ಕೆಲಸ. ಬಾನೆಟ್ ಎತ್ತಿದವರಿಗೂ ಎರಡು ತಂತಿಗಳ ಹೊರತು ಬೇರೇನೂ ಕಾಣುವುದಿಲ್ಲ. ಆದರೂ, ಕಾರನ್ನು ಕಾರ್ಖಾನೆಯಿಂದ ಹೊರಬಂದಂತೆಯೇ ಉಳಿಸಬೇಕೆನ್ನುವವರಿಗೂ ಇಂದಿನ ರಸ್ತೆಗೆ ಹೊಂದಿಸಿ ಓಡಿಸಬೇಕೆನ್ನುವವರಿಗೂ ನಡುವಿನ ವಾದ ಹೆಚ್ಚಾಗಿ ಇಲ್ಲಿಂದಲೇ ಶುರುವಾಗುತ್ತದೆ. ಲ್ಯೂಕಾಸ್ 25ಡಿ4 ಡಿಸ್ಟ್ರಿಬ್ಯೂಟರ್ ಇರುವ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲಿ ಇಂತಹ ಕಿಟ್ ಬಳಸಿದ ಅನುಭವದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಈ ಬಗೆಯ ಕಿಟ್‌ಗಳೆಲ್ಲ ಸರಿಸುಮಾರು ಒಂದೇ ತತ್ತ್ವದ ಮೇಲೆ ಕೆಲಸ ಮಾಡುವುದರಿಂದ ತಯಾರಕರ ಹೆಸರು ಇಲ್ಲಿ ಮುಖ್ಯವಲ್ಲ.

ಚಾರ್ಲ್ಸ್ ಕೆಟರಿಂಗ್ ರೂಪಿಸಿ, 1910ರ ಕ್ಯಾಡಿಲಾಕ್‌ನಲ್ಲಿ ಮೊದಲು ಬಂದ ಬ್ಯಾಟರಿ ಇಗ್ನಿಷನ್ ಸುಮಾರು ಆರು ದಶಕಗಳ ಕಾಲ ದೊಡ್ಡ ಬದಲಾವಣೆಯಿಲ್ಲದೆ ನಡೆದುಬಂತು. ತಿರುಗುವ ಕ್ಯಾಮ್ ಪಾಯಿಂಟ್‌ಗಳನ್ನು ಬಿಡಿಸಿದ ಕ್ಷಣ, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ನ ಕರೆಂಟ್ ಕಡಿದು, ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ 3000 ಆರ್‌ಪಿಎಂನಲ್ಲಿ ಓಡುವಾಗ ಇದು ಸೆಕೆಂಡಿಗೆ 100 ಸಲ ನಡೆಯಬೇಕು. ಕ್ಯಾಮ್‌ಗೆ ಉಜ್ಜುವ ಪಾಯಿಂಟ್‌ನ ಹಿಮ್ಮಡಿ ಸವೆದಂತೆ 0.015 ಇಂಚಿನ ಆಸುಪಾಸಿನಲ್ಲಿರಬೇಕಾದ ಗ್ಯಾಪ್ ಕಿರಿದಾಗುತ್ತದೆ, ಗ್ಯಾಪ್ ಕಿರಿದಾದಂತೆ ಟೈಮಿಂಗ್ (ಕಿಡಿ ಹಾರುವ ಕ್ಷಣ) ಹಿಂದೆ ಬೀಳುತ್ತದೆ, ಎಂಜಿನ್ನಿನ ಎಳೆತ ಯಾರಿಗೂ ತಿಳಿಯದಷ್ಟು ನಿಧಾನವಾಗಿ ಕುಗ್ಗುತ್ತದೆ. ಕಿಟ್‌ನಲ್ಲಿ ಸವೆಯುವ ಈ ಭಾಗವೇ ಇಲ್ಲ: ಕ್ಯಾಮ್ ಮೇಲೆ ಆಯಸ್ಕಾಂತಗಳಿರುವ ಉಂಗುರ ಕೂರುತ್ತದೆ, ಪಕ್ಕದ ಹಾಲ್ ಸೆನ್ಸರ್ ಅದನ್ನು ಮುಟ್ಟದೆಯೇ ಗುರುತಿಸಿ ಕರೆಂಟ್ ಕಡಿಯುತ್ತದೆ.

ಜೋಡಣೆಗೆ ಏನನ್ನೂ ಕೊರೆಯಬೇಕಿಲ್ಲ, ಕತ್ತರಿಸಬೇಕಿಲ್ಲ. ಆದರೆ ಕಾರು ಪಾಸಿಟಿವ್ ಅರ್ತಿಂಗ್‌ನದೋ ನೆಗೆಟಿವ್‌ನದೋ, ಅಂದರೆ ಬ್ಯಾಟರಿಯ ಯಾವ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸಿದೆ ಎಂಬುದನ್ನು ಮೊದಲೇ ಖಚಿತಪಡಿಸಿಕೊಂಡು ಅದಕ್ಕೆ ತಕ್ಕ ಕಿಟ್ ಕೊಳ್ಳಬೇಕು. 1967ರವರೆಗಿನ ಎಂಜಿಬಿಗಳು ಪಾಸಿಟಿವ್ ಅರ್ತಿಂಗ್‌ನವು, ತಂತಿ ಅದಲುಬದಲಾದರೆ ಮಾಡ್ಯೂಲ್ ಆ ಕ್ಷಣವೇ ಸುಡಬಹುದು. ಕಾಯಿಲ್‌ನ ಪ್ರೈಮರಿ ಸುರುಳಿಯ ವಿದ್ಯುತ್ ರೋಧವನ್ನು ಅಳೆದು, ಅದು ಕಿಟ್ ಕೇಳುವ ಮಿತಿಗಿಂತ ಕಡಿಮೆಯಿಲ್ಲವೆಂದು ನೋಡಿಕೊಳ್ಳಬೇಕು. ತಾಮ್ರದ ತಂತಿಯ ಪ್ಲಗ್ ಲೀಡ್‌ಗಳಿದ್ದರೆ ಅವುಗಳ ವಿದ್ಯುತ್ ಗದ್ದಲ ಮಾಡ್ಯೂಲನ್ನು ಕೆಡಿಸುವ ಸಾಧ್ಯತೆ ಇರುವುದರಿಂದ ಕಾರ್ಬನ್ ಲೀಡ್‌ಗಳೇ ಲೇಸು. ಕೊನೆಗೆ ಟೈಮಿಂಗನ್ನು ಸ್ಟ್ರೋಬ್ ದೀಪದಿಂದ ಹೊಸದಾಗಿ ಹೊಂದಿಸಲೇಬೇಕು.

ಹಾಕಿದ ಮೇಲೆ ತಣ್ಣಗಿನ ಎಂಜಿನ್ ಬೇಗ ಹತ್ತುತ್ತದೆ, ಐಡ್ಲಿಂಗ್ ಸಮವಾಗಿರುತ್ತದೆ. ಎಂಜಿನ್ನಿಗೆ ಹೊಸ ಶಕ್ತಿ ಬಂತೆಂದು ಹೇಳುವುದನ್ನು ಮಾತ್ರ ನಾನು ಒಪ್ಪಲಾರೆ. ಹೊಸ ಪಾಯಿಂಟ್ ಹಾಕಿ, ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್‌ನಲ್ಲಿ ಗ್ಯಾಪ್ ಸರಿಯಾಗಿ ಹೊಂದಿಸಿದ ಅದೇ ಎಂಜಿನ್ ಹೆಚ್ಚುಕಡಿಮೆ ಹೀಗೆಯೇ ಓಡುತ್ತದೆ. ಕಿಟ್ ಕೊಡುವುದು ಆ ಹೊಂದಿಕೆ ಕೆಡದೆ ಉಳಿಯುವ ಭರವಸೆಯನ್ನು. ಡಿಸ್ಟ್ರಿಬ್ಯೂಟರ್ ಶಾಫ್ಟಿನ ಬುಷ್ ಸವೆದು ಅಲುಗಾಡುತ್ತಿದ್ದರೆ, ವೇಗ ಹೆಚ್ಚಿದಂತೆ ಕಿಡಿಯನ್ನು ಬೇಗ ಹಾರಿಸುವ ತೂಕಗಳ ಸ್ಪ್ರಿಂಗ್ ಸಡಿಲಗೊಂಡಿದ್ದರೆ, ಅದಕ್ಕೆ ಮಾಡ್ಯೂಲ್ ಮದ್ದಲ್ಲ. ಡಿಸ್ಟ್ರಿಬ್ಯೂಟರ್ ಬಿಚ್ಚಿ ದುರಸ್ತಿ ಮಾಡಿಸದೆ ಕಿಟ್ ಮೇಲೆ ಭಾರ ಹಾಕಿದವರಿಗೆ ನಿರಾಶೆಯೇ ಗತಿ.

ದೋಷಗಳೂ ಇವೆ. ಪಾಯಿಂಟ್ ಕೆಡುವ ಮೊದಲು ತಡವರಿಸುತ್ತದೆ, ಕೆಮ್ಮುತ್ತದೆ, ರಸ್ತೆಬದಿಯಲ್ಲಿ ಉಜ್ಜಿ ಗ್ಯಾಪ್ ಸರಿಮಾಡಿದರೆ ಮನೆ ತಲುಪಿಸುತ್ತದೆ. ಮಾಡ್ಯೂಲ್ ಯಾವ ಸೂಚನೆಯನ್ನೂ ಕೊಡದೆ ನಿಂತುಬಿಡಬಹುದು, ಅದನ್ನು ಬಿಚ್ಚಿ ದುರಸ್ತಿ ಮಾಡುವಂತಿಲ್ಲ. ಎಂಜಿನ್ ಓಡದಿರುವಾಗ ಇಗ್ನಿಷನ್ ಕೀಲಿ ಆನ್ ಆಗಿಯೇ ಉಳಿದರೆ ಕೆಲವು ಮಾಡ್ಯೂಲ್‌ಗಳು ಬಿಸಿಯಾಗಿ ಹಾಳಾಗುತ್ತವೆ. ಕರೆಂಟಿನ ಮಿಡಿತ ಎಣಿಸುವ ಹಳೆಯ ಟ್ಯಾಕೋಮೀಟರಿನ (ಎಂಜಿನ್ ವೇಗ ತೋರಿಸುವ ಮಾಪಕದ) ಮುಳ್ಳು ಕೆಲವು ಕಿಟ್‌ಗಳ ಜೊತೆ ಹುಚ್ಚುಹುಚ್ಚಾಗಿ ಕುಣಿಯುವುದೂ ಉಂಟು.

ಇನ್ನು ಮೂಲಸ್ವರೂಪದ ಪ್ರಶ್ನೆ. ಪುರಾತನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಒಪ್ಪಿಕೊಂಡಿರುವ ಟ್ಯೂರಿನ್ ಸನ್ನದು ಬದಲಾವಣೆಯನ್ನು ಸಾರಾಸಗಟಾಗಿ ನಿಷೇಧಿಸುವುದಿಲ್ಲ. ಮಾಡುವ ಬದಲಾವಣೆ ವಾಹನದ ರಚನೆಯನ್ನೂ ನೋಟವನ್ನೂ ಗೌರವಿಸಬೇಕು, ಸಾಧ್ಯವಾದಷ್ಟು ಮತ್ತೆ ಹಿಂದಿನ ಸ್ಥಿತಿಗೆ ತರುವಂತಿರಬೇಕು, ತೆಗೆದ ಮುಖ್ಯ ಮೂಲಭಾಗಗಳು ವಾಹನದ ಜೊತೆಗೇ ಉಳಿಯಬೇಕು ಎನ್ನುತ್ತದೆ. ಈ ಅಳತೆಗೋಲು ನನಗೆ ಬಹಳ ಸರಿಯೆನಿಸುತ್ತದೆ. ಐದು ಗೇರಿನ ಪೆಟ್ಟಿಗೆ ಕೂರಿಸಲು ನೆಲದ ನಡುವಿನ ಉಬ್ಬನ್ನು (ಟನಲ್) ಕತ್ತರಿಸಿದ ಕಾರಿನಲ್ಲಿ ಲೋಹ ಹೋಯಿತೆಂದರೆ ಹೋಯಿತು, ಬೆಸುಗೆಯಿಂದ ಅದರ ಚರಿತ್ರೆ ಮರಳದು. ಆಧುನಿಕ ಎಂಜಿನ್ ಹೊಕ್ಕ ಕಾರು ಎಷ್ಟೇ ಚೆನ್ನಾಗಿ ಓಡಲಿ, ಅದನ್ನು ರೂಪಿಸಿದವರು ಏನು ಯೋಚಿಸಿದ್ದರೆಂಬುದನ್ನು ಓಡಿಸುವವನಿಗೆ ತಿಳಿಸಲಾರದು. ಇಗ್ನಿಷನ್ ಕಿಟ್ ಹಾಗಲ್ಲ. ಸ್ಟೀರಿಂಗಿನ ಭಾರ, ಕಾರ್ಬ್ಯುರೇಟರಿನ ಉಸಿರು, ಎಕ್ಸಾಸ್ಟಿನ ದನಿ ಯಾವುದನ್ನೂ ಅದು ಮುಟ್ಟುವುದಿಲ್ಲ. ಮೇಲಾಗಿ, 1975ರಿಂದ ಉತ್ತರ ಅಮೆರಿಕಕ್ಕೆ ಹೊರಟ ಎಂಜಿಬಿಗಳಿಗೆ ಕಾರ್ಖಾನೆಯೇ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಹಾಕಿತ್ತು.

ಹಾಗೆಂದು ಎಲ್ಲರೂ ಕೊಳ್ಳಬೇಕೆಂದಿಲ್ಲ. ಒಂದು ಸ್ಕ್ರೂ ಕೂಡ ಬದಲಾಗದೆ ಉಳಿದುಬಂದಿರುವ ಅಪರೂಪದ ಕಾರಿಗೆ ಇದು ಬೇಡ; ಅಂತಹ ಕಾರಿನ ಪಾಯಿಂಟ್ ಸಹ ಒಂದು ದಾಖಲೆ. ಆಗೊಮ್ಮೆ ಈಗೊಮ್ಮೆ ಮಾತ್ರ ಹೊರಬರುವ ಕಾರಿಗೆ ಪಾಯಿಂಟ್ ಸವೆಯುವುದೇ ಕಡಿಮೆಯಾದ್ದರಿಂದ ಕಿಟ್‌ನ ಅಗತ್ಯವಿಲ್ಲ. ವಾರವಾರವೂ ದೂರ ಓಡಿಸುವವರು, ದಟ್ಟಣೆಯಲ್ಲಿ ಸಿಕ್ಕಿಕೊಳ್ಳುವವರು, ಒಳ್ಳೆಯ ಕಂಡೆನ್ಸರ್ ಹುಡುಕಿ ಸೋತವರು ನಿಶ್ಚಿಂತೆಯಿಂದ ಕೊಳ್ಳಬಹುದು. ಆದರೆ ತೆಗೆದ ಪಾಯಿಂಟ್, ಕಂಡೆನ್ಸರ್, ಅವುಗಳ ಪುಟ್ಟ ಸ್ಕ್ರೂಗಳನ್ನು ಎಸೆಯದೆ, ಫೀಲರ್ ಗೇಜ್ ಜೊತೆ ಡಬ್ಬಿಯೊಂದರಲ್ಲಿ ಕಾರಿನಲ್ಲೇ ಇಟ್ಟಿರಬೇಕು: ಮಾಡ್ಯೂಲ್ ದಾರಿಯಲ್ಲಿ ಕೈಕೊಟ್ಟರೆ ಅವೇ ಮನೆ ಸೇರಿಸುತ್ತವೆ, ಕಾರು ಮುಂದೆ ಬೇರೊಬ್ಬರ ಕೈಗೆ ಹೋದಾಗ ಅದನ್ನು ಮೂಲ ಸ್ಥಿತಿಗೆ ತರುವ ಆಯ್ಕೆ ಅವರಿಗೂ ಉಳಿದಿರುತ್ತದೆ.