ಇಪ್ಪತ್ತೆರಡು ಬಗೆಯ ಕಂಪ್ಯೂಟರ್, ಒಂದೇ ಇನ್‌ಸ್ಟಾಲ್: ಕ್ಲೋನೆಜಿಲ್ಲಾ ಬಿಟ್ಟು ಪ್ರಿಸೀಡ್ ಹಿಡಿದೆ

ನಮ್ಮೂರ ಶಾಲೆಯ ಲ್ಯಾಬಿಗೆ ದಾನವಾಗಿ ಬಂದ 22 ಕಂಪ್ಯೂಟರ್‌ಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಕೆಲವಕ್ಕೆ 500 ಜಿಬಿ ಹಾರ್ಡ್‌ಡಿಸ್ಕ್, ಕೆಲವಕ್ಕೆ 240 ಜಿಬಿ ಎಸ್‌ಎಸ್‌ಡಿ, ನಾಲ್ಕಕ್ಕೆ ಎನ್‌ವಿಎಂಇ (ಇನ್ನೂ ವೇಗದ ಬಗೆಯ ಎಸ್‌ಎಸ್‌ಡಿ). ಎಲ್ಲಕ್ಕೂ ಡೆಬಿಯನ್ 12 ಎಂಬ ಲಿನಕ್ಸ್ ಹಾಕಬೇಕಿತ್ತು. ಇಂಥ ಲ್ಯಾಬಿಗೆ ಡೆಬಿಯನ್ ಇನ್‌ಸ್ಟಾಲನ್ನು ತಾನಾಗಿಯೇ ನಡೆಸುವ ಪ್ರಿಸೀಡೇ ಸರಿ. ಒಂದು ಡಿಸ್ಕನ್ನು ಇದ್ದಂತೆಯೇ ಇನ್ನೊಂದಕ್ಕೆ ನಕಲು ಮಾಡುವ ಕ್ಲೋನೆಜಿಲ್ಲಾಗೆ ಒಂದು ಭಾನುವಾರ ಪೂರ್ತಿ ಕೊಟ್ಟ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಕ್ಲೋನೆಜಿಲ್ಲಾ ವೇಗದಲ್ಲಿ ಮುಂದು, ಒಪ್ಪುತ್ತೇನೆ. ಆದರೆ ನಾನು ಇಮೇಜ್ (ಡಿಸ್ಕಿನ ನಕಲು) ತೆಗೆದದ್ದು 500 ಜಿಬಿ ಡಿಸ್ಕಿನಿಂದ. ಒಳಗೆ ತುಂಬಿದ್ದು 12 ಜಿಬಿ ಮಾತ್ರ, ಆದರೂ 240ರ ಎಸ್‌ಎಸ್‌ಡಿಗೆ ಅದು ಇಳಿಯಲಿಲ್ಲ. ಸಾಮಾನ್ಯವಾಗಿ ಇಳಿಸುವ ಡಿಸ್ಕ್ ಮೂಲದಷ್ಟಾದರೂ ದೊಡ್ಡದಿರಬೇಕು. ಚಿಕ್ಕ ಡಿಸ್ಕಿನಿಂದ ಮತ್ತೆ ಇಮೇಜ್ ಮಾಡಿದೆ. ಆಗ ಎಲ್ಲಕ್ಕೂ ಒಂದೇ ಹೋಸ್ಟ್‌ನೇಮ್ (ನೆಟ್‌ವರ್ಕಿನಲ್ಲಿ ಯಂತ್ರದ ಹೆಸರು), ದೂರದಿಂದ ಲಾಗಿನ್ ಆಗುವಾಗ ಯಂತ್ರವನ್ನು ಗುರುತಿಸುವ ಎಸ್‌ಎಸ್‌ಎಚ್ ಕೀಲಿಯೂ ಒಂದೇ. ಒಂದೊಂದರ ಮುಂದೆಯೂ ಕೂತು ಬದಲಿಸಬೇಕಾಯಿತು.

ಪ್ರಿಸೀಡ್ ಡಿಸ್ಕನ್ನು ನಕಲು ಮಾಡುವುದಿಲ್ಲ. ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಿಗೆ ಉತ್ತರಗಳನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಅದು ಆಯಾ ಯಂತ್ರವನ್ನು ನೋಡಿ ಹೊಸದಾಗಿ ಕಟ್ಟುತ್ತದೆ. ನನ್ನ ಹಳೆ ಲ್ಯಾಪ್‌ಟಾಪ್‌ನಲ್ಲಿ ಬೂಟಿಗೆ ಬೇಕಾದ ಕಡತಗಳನ್ನು ಒದಗಿಸುವ ಡಿಎನ್‌ಎಸ್‌ಮಾಸ್ಕ್ ಓಡಿಸಿ, ಡಿಸ್ಕಿನ ಬದಲು ನೆಟ್‌ವರ್ಕಿನಿಂದ ಬೂಟ್ ಮಾಡಿಸಿದೆ.

ಇದರಲ್ಲೂ ಒಂದು ತೊಡಕು ಎರಡು ಸಂಜೆ ತಿಂದಿತು. ಕಡತದಲ್ಲಿ ಡಿಸ್ಕಿನ ಹೆಸರು ಎಸ್‌ಡಿಎ (ಲಿನಕ್ಸ್ ಮೊದಲು ಕಂಡ ಸಾಟಾ ಅಥವಾ ಯುಎಸ್‌ಬಿ ಡಿಸ್ಕಿಗೆ ಕೊಡುವ ಹೆಸರು) ಎಂದು ಬರೆದಿದ್ದೆ. ಎನ್‌ವಿಎಂಇ ಯಂತ್ರಗಳಲ್ಲಿ ಆ ಹೆಸರಿನ ಡಿಸ್ಕೇ ಇಲ್ಲ. ನಾಲ್ಕೂ ಡಿಸ್ಕನ್ನು ಭಾಗ ಮಾಡುವ ಪಾರ್ಟಿಷನ್ ಪರದೆಯಲ್ಲಿ ನಿಂತುಬಿಟ್ಟವು. ನೆಟ್‌ವರ್ಕ್ ಬೂಟ್ ಬಾರದ ಇನ್ನೊಂದಕ್ಕೆ ಪೆನ್‌ಡ್ರೈವ್ ಹಾಕಿದರೆ, ಪೆನ್‌ಡ್ರೈವೇ ಎಸ್‌ಡಿಎ ಆಗಿ ಕೂತಿತ್ತು!

ಪರಿಹಾರ ಒಂದೇ ಸಾಲು. ಡಿಸ್ಕ್ ಭಾಗ ಮಾಡುವ ಪಾರ್ಟ್‌ಮ್ಯಾನ್ ಶುರುವಾಗುವ ಮೊದಲು ಓಡುವ ಅರ್ಲಿ ಕಮಾಂಡ್‌ನಲ್ಲಿ, ಲಿಸ್ಟ್-ಡಿವೈಸಸ್ ಆಜ್ಞೆ ಪಟ್ಟಿ ಮಾಡಿ ಕೊಡುವ ಮೊದಲ ಡಿಸ್ಕಿನ ಹೆಸರನ್ನೇ ಉತ್ತರವಾಗಿ ತುಂಬಿಸಿದೆ. ಯಂತ್ರ ಶುರುವಾದಾಗ ಲಿನಕ್ಸನ್ನು ಎಬ್ಬಿಸುವ ಗ್ರಬ್‌ಗೂ ಡಿಸ್ಕಿನ ಹೆಸರು ಬರೆಯದೆ ಡಿಫಾಲ್ಟ್ ಎಂದೆ. ಪೆನ್‌ಡ್ರೈವ್ ಯಂತ್ರಕ್ಕೆ ಬೇರೆ ಕಡತ. ಎಚ್ಚರ: ಯಂತ್ರದಲ್ಲಿ ಎರಡು ಡಿಸ್ಕ್ ಇದ್ದರೆ ಅದು ಮೊದಲು ಸಿಕ್ಕಿದ್ದನ್ನು ಕೇಳದೆ ಅಳಿಸುತ್ತದೆ. ಮಕ್ಕಳ ಪ್ರಾಜೆಕ್ಟ್‌ಗಳಿದ್ದ ಡಿಸ್ಕಿನ ಕೇಬಲ್ ತೆಗೆದಿಟ್ಟೇ ಮುಂದುವರಿದೆ.

ಇಂಟರ್ನೆಟ್ ಖರ್ಚು: ಆಪ್ಟ್-ಕ್ಯಾಷರ್-ಎನ್‌ಜಿ ಹಾಕಿ. ಪ್ಯಾಕೇಜ್‌ಗಳನ್ನು (ಸಾಫ್ಟ್‌ವೇರ್ ಕಡತಗಳನ್ನು) ಅದು ಇಟ್ಟುಕೊಂಡು ಎಲ್ಲ ಯಂತ್ರಗಳಿಗೂ ಕೊಡುತ್ತದೆ, ಒಮ್ಮೆ ಇಳಿದರೆ ಸಾಕು.

ಉಬುಂಟು ಆಟೋಇನ್‌ಸ್ಟಾಲ್ (ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಪ್ರಿಸೀಡ್‌ನಂಥದ್ದು): "ಅತಿ ದೊಡ್ಡ ಡಿಸ್ಕ್" ಎಂದೇ ಬರೆಯಬಹುದು, ಚೆಂದ. ಆದರೆ ನೆಟ್‌ವರ್ಕ್ ಬೂಟಿನಲ್ಲಿ ಇಡೀ ಐಎಸ್‌ಒ (ಇನ್‌ಸ್ಟಾಲ್ ಡಿಸ್ಕಿನ ಕಡತ) ರ್ಯಾಮಿಗೆ ಇಳಿಯುತ್ತದೆ. ನಮ್ಮ 2 ಜಿಬಿ ಯಂತ್ರಗಳಿಗೆ ಆಗದ ಕೆಲಸ.

ಎಲ್ಲ ಒಂದೇ ಮಾದರಿಯವಾಗಿದ್ದರೆ, ಒಂದೇ ದಿನದಲ್ಲಿ ಮುಗಿಸಬೇಕಿದ್ದರೆ ಕ್ಲೋನೆಜಿಲ್ಲಾನೇ ಹಿಡಿಯುತ್ತಿದ್ದೆ. ನಮ್ಮಲ್ಲಿ ಹಾಗಿಲ್ಲ, ಬಿಡಿಭಾಗ ಸಿಕ್ಕಂತೆ ಹಾಕುತ್ತೇವೆ. ಕಳೆದ ತಿಂಗಳು ಒಂದು ಡಿಸ್ಕ್ ಸತ್ತಾಗ ಬೇರೆ ಗಾತ್ರದ್ದು ಹಾಕಿದೆವು. ಮೇಷ್ಟ್ರೇ ನೆಟ್‌ವರ್ಕ್ ಬೂಟ್ ಆರಿಸಿ ಪಾಠಕ್ಕೆ ಹೋದರು. ಮಧ್ಯಾಹ್ನದ ಊಟದ ಹೊತ್ತಿಗೆ ಲಾಗಿನ್ ಪರದೆ ಬಂದಿತ್ತು.