ಬಿಟ್‌ವಾರ್ಡನ್: ಪಾಸ್‌ವರ್ಡ್ ತುಂಬದಿರುವುದೇ ಅದರ ದೊಡ್ಡ ಗುಣ

ಪಾಸ್‌ವರ್ಡ್‌ಗಳನ್ನು ನೆನಪಿಡುವ ಕಷ್ಟ ತಪ್ಪಲೆಂದು, ಅವನ್ನು ಉಳಿಸಿಟ್ಟು ಲಾಗಿನ್ ಪುಟಗಳಲ್ಲಿ ತುಂಬಿಕೊಡುವ ಬಿಟ್‌ವಾರ್ಡನ್ ತಂತ್ರಾಂಶವನ್ನು ಬಳಸತೊಡಗಿದ ನನಗೆ, ಕೆಲವು ವರ್ಷಗಳ ನಂತರ ಹೆಚ್ಚು ಮೆಚ್ಚುಗೆಯಾಗಿರುವುದು ಅದರ ಬೇರೆಯೇ ಗುಣ: ನಕಲಿ ಪುಟದಲ್ಲಿ ಅದು ತಾನಾಗಿ ಪಾಸ್‌ವರ್ಡ್ ತುಂಬುವುದಿಲ್ಲ. ಲಾಂಛನ, ಬಣ್ಣ, ಅಕ್ಷರಗಳ ಅಂದಕ್ಕೆ ಮರುಳಾಗುವುದು ನಮ್ಮ ಕಣ್ಣು. ಈ ತಂತ್ರಾಂಶ ಹೊಂದಿಸಿ ನೋಡುವುದು ಜಾಲತಾಣದ ವಿಳಾಸವನ್ನು.

ಲಾಗಿನ್ ಪುಟ ತೆರೆದೊಡನೆ ಬ್ರೌಸರಿನ ಮೇಲಂಚಿನಲ್ಲಿರುವ ಗುರಾಣಿಯ ಚಿಹ್ನೆಯನ್ನು ನೋಡುವುದು ನನಗೀಗ ರೂಢಿ. ಆ ವಿಳಾಸಕ್ಕೆ ಉಳಿಸಿಟ್ಟ ಖಾತೆಯಿದ್ದರೆ ಚಿಹ್ನೆಯ ಮೇಲೆ ಸಣ್ಣದೊಂದು ಅಂಕಿ ಮೂಡುತ್ತದೆ. ಮೂಡದಿದ್ದರೆ ಏನನ್ನೂ ಬೆರಳಚ್ಚಿಸದೆ ವಿಳಾಸವನ್ನು ಓದುತ್ತೇನೆ, ಅದೂ ಮೊದಲ ಒಂಟಿ ಓರೆಗೆರೆಯವರೆಗಿನ (/) ಭಾಗವನ್ನು ಬಲದಿಂದ ಎಡಕ್ಕೆ. ಎಡಭಾಗದಲ್ಲಿ ಬ್ಯಾಂಕಿನ ಹೆಸರು ಎಷ್ಟೇ ಸ್ಪಷ್ಟವಾಗಿದ್ದರೂ, ಬಲತುದಿಯಲ್ಲಿ, ‘ಡಾಟ್ ಕಾಮ್’ನಂಥ ಕೊನೆಯ ಭಾಗಕ್ಕೆ ತುಸು ಮೊದಲು, ಬೇರೆ ಹೆಸರಿದ್ದರೆ ಆ ಪುಟ ಬ್ಯಾಂಕಿನದಲ್ಲ. ‘ಇಂದು ರಾತ್ರಿ ವಿದ್ಯುತ್ ಕಡಿತ’, ‘ಕೆವೈಸಿ ಅವಧಿ ಮುಗಿದಿದೆ’ ಎಂಬ ಸಂದೇಶಗಳ ಕೊಂಡಿಗಳನ್ನೂ ಒತ್ತುವ ಮೊದಲೇ ಹೀಗೆ ಓದುವ ಅಭ್ಯಾಸ ಇದರಿಂದಲೇ ಬಂದಿತು.

ಬೇಸರ ಶುರುವಾದದ್ದು ನನ್ನ ಬ್ಯಾಂಕಿನಿಂದ. ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಈ ವಿಳಾಸಗಳನ್ನು ನೋಂದಾಯಿಸುವುದು ರಿಸರ್ವ್ ಬ್ಯಾಂಕ್ ಸ್ಥಾಪಿಸಿದ ಐಡಿಆರ್‌ಬಿಟಿ ಸಂಸ್ಥೆ ಮಾತ್ರವಾದ್ದರಿಂದ, ಯಾರೋ ದಾರಿಹೋಕರು ಅದನ್ನು ಕೊಂಡುಕೊಳ್ಳಲಾಗದು. ನಿಜಕ್ಕೂ ಒಳ್ಳೆಯ ಕ್ರಮ. ಆದರೆ ನನ್ನ ಬ್ಯಾಂಕು ಈ ಬದಲಾವಣೆಯನ್ನು ತಿಳಿಸಿದ್ದು ಎಸ್ಸೆಮ್ಮೆಸ್ಸಿನಲ್ಲಿ, ಒತ್ತಲು ಒಂದು ಕೊಂಡಿಯ ಸಮೇತ! ಅಪರಿಚಿತ ಕೊಂಡಿ ಒತ್ತಬೇಡಿ ಎಂದು ವರ್ಷವಿಡೀ ಎಚ್ಚರಿಸುವವರೇ ಹೀಗೆ ಮಾಡಿದರೆ ಗ್ರಾಹಕರು ಯಾವುದನ್ನು ನಂಬಬೇಕು? ಹೊಸ ವಿಳಾಸದಲ್ಲಿ ಅಂಕಿಯೂ ಮೂಡಲಿಲ್ಲ, ಏಕೆಂದರೆ ನಿಜವಾದ ಬದಲಾವಣೆಯನ್ನೂ ಮೋಸವನ್ನೂ ಬೇರ್ಪಡಿಸುವ ಶಕ್ತಿ ಈ ತಂತ್ರಾಂಶಕ್ಕಿಲ್ಲ. ಹಳೆಯ ವಿಳಾಸವನ್ನು ಕೈಯಾರೆ ಬೆರಳಚ್ಚಿಸಿ, ಅದು ಕರೆದೊಯ್ದ ಹೊಸ ವಿಳಾಸವನ್ನು ಶಾಖೆಯಲ್ಲಿ ಖಚಿತಪಡಿಸಿಕೊಂಡು, ಅದೇ ಖಾತೆಗೆ ಎರಡನೆಯ ವಿಳಾಸವಾಗಿ ಸೇರಿಸಿದ ಮೇಲೆಯೇ ಒಳಗೆ ಹೋದೆ.

ಫೋನಿನಲ್ಲಿ ಪೊಲೀಸರೆಂದು ಹೆದರಿಸಿ ‘ಡಿಜಿಟಲ್ ಅರೆಸ್ಟ್’ ಎನ್ನುವವರಿಂದಾಗಲಿ, ಮದುವೆಯ ಕರೆಯೋಲೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವ, ಫೋನಿನಲ್ಲಿ ಆ್ಯಪ್ ಅಳವಡಿಸುವ ಎಪಿಕೆ ಕಡತದಿಂದಾಗಲಿ ಬಿಟ್‌ವಾರ್ಡನ್ ನಮ್ಮನ್ನು ಕಾಯಲಾರದು. ಹಣ ಹೋದ ಕೂಡಲೇ ಕರೆ ಮಾಡಬೇಕಾದ ಸೈಬರ್ ಅಪರಾಧ ಸಹಾಯವಾಣಿ 1930 ಸಂಖ್ಯೆಯನ್ನು ಮನೆಯ ಎಲ್ಲರ ಫೋನಿನಲ್ಲೂ ಉಳಿಸಿಟ್ಟಿದ್ದೇನೆ.

ನಾನು ಬಳಸುವುದು ಉಚಿತ ಆವೃತ್ತಿ. ಪಾಸ್‌ವರ್ಡ್‌ಗಳಿಗಾಗಲಿ ಸಾಧನಗಳಿಗಾಗಲಿ ಅದರಲ್ಲಿ ಮಿತಿಯಿಲ್ಲ, ಎರಡು ಹಂತದ ಲಾಗಿನ್ ಕೂಡ ಸಿಗುತ್ತದೆ; ನನ್ನ ಅಗತ್ಯಕ್ಕೆ ಹಣ ಕೊಡುವ ಪ್ರಮೇಯ ಬಂದಿಲ್ಲ. ಬಿಟ್‌ವಾರ್ಡನ್ ಅನ್ನೇ ತೆರೆಯುವ ಮುಖ್ಯ ಪಾಸ್‌ವರ್ಡ್ ಮರೆತರೆ ಅದನ್ನು ಕಂಪನಿಯೂ ಹುಡುಕಿಕೊಡಲಾರದು. ಆದ್ದರಿಂದ ಅದನ್ನು ಕಾಗದದಲ್ಲಿ ಬರೆದು, ಮನೆಯ ಪತ್ರಗಳ ಜೊತೆ ಬೀರುವಿನಲ್ಲಿಟ್ಟು, ಪತ್ನಿಗೂ ತಿಳಿಸಿದ್ದೇನೆ.