ನ್ಯೂಜೆರ್ಸಿಯ ಈಜು ಕ್ಲಬ್‌ನಲ್ಲಿ 5 ವರ್ಷ: ಗ್ರೂಪ್ ಹಂಚಿಕೆ ಬಗ್ಗೆ ಒಂದಿಷ್ಟು

5ಕ್ಕೆ ಮೂರೂವರೆ ಸ್ಟಾರ್. ಕೋಚಿಂಗ್‌ಗೆ ನಾಲ್ಕೂವರೆ, ಗ್ರೂಪ್ ಹಂಚುವ ರೀತಿಗೆ ಎರಡು. ಸರಾಸರಿ ತೆಗೆದರೆ ಮೂರೂಕಾಲು ಬರುತ್ತದೆ, ಗೊತ್ತು. ಸಿಟ್ಟು ಇಳಿದ ಮೇಲೆ ಬರೆಯುತ್ತಿದ್ದೇನೆ, ಅದಕ್ಕೆ ಕಾಲು ಜಾಸ್ತಿ.

ಮಗಳು 8ನೇ ವಯಸ್ಸಿಗೆ ಇಲ್ಲಿನ ಒಂದು ಕ್ಲಬ್ ಸೇರಿದಳು, ಈಗ 13. ಕ್ಲಬ್ ಹೆಸರು ಹಾಕುವುದಿಲ್ಲ. ಇನ್ನೂ ಅಲ್ಲೇ ಈಜುತ್ತಿದ್ದಾಳೆ, ನಾಳೆ ಅದೇ ಕೋಚ್ ಮುಖ ನೋಡಬೇಕಲ್ವಾ. ಇಲ್ಲಿನ ಎಷ್ಟೋ ಕ್ಲಬ್‌ಗಳಲ್ಲಿ ಏರ್ಪಾಡು ಸುಮಾರಾಗಿ ಹೀಗೇ ಇರುತ್ತದೆ: ಬ್ರಾಂಜ್, ಸಿಲ್ವರ್, ಗೋಲ್ಡ್, ಆಮೇಲೆ ಸೀನಿಯರ್. ಮೇಲೆ ಹೋದಷ್ಟೂ ದಿನ ಜಾಸ್ತಿ, ಗಂಟೆ ಜಾಸ್ತಿ, ಫೀಸೂ ಜಾಸ್ತಿ. ನಮ್ಮಲ್ಲಿ ಬ್ರಾಂಜ್‌ಗೆ ವಾರಕ್ಕೆ 3 ಸಂಜೆ ಒಂದೊಂದು ಗಂಟೆ, ಗೋಲ್ಡ್‌ಗೆ 5 ದಿನ ಎರಡೆರಡು ಗಂಟೆ.

ಮೊದಲ ತಪ್ಪು ನನ್ನದೇ. ಈ ಹೆಸರು ಕೇಳಿ ಇದು ಪದಕದ ಲೆಕ್ಕ, ಟೈಮ್ ಚೆನ್ನಾಗಿದ್ದರೆ ಗೋಲ್ಡ್ ಅಂದುಕೊಂಡೆ. ಯುಎಸ್‌ಎ ಸ್ವಿಮ್ಮಿಂಗ್ ಸಂಸ್ಥೆ ವಯಸ್ಸಿಗೆ ತಕ್ಕಂತೆ ಟೈಮ್ ಪಟ್ಟಿ ಹೊರಡಿಸುತ್ತದೆ. ಬಿ, ಬಿಬಿ, ಎ, ಎಎ, ಹೀಗೆ ನಾಲ್ಕು ಎ ತನಕ ದರ್ಜೆಗಳು. 10 ಮತ್ತು ಕೆಳಗಿನವರಿಗೆ ಒಂದು, 11-12ಕ್ಕೆ ಒಂದು, 13-14ಕ್ಕೆ ಇನ್ನೊಂದು. ಅದನ್ನು ಪ್ರಿಂಟ್ ಹಾಕಿ ಫ್ರಿಜ್ ಮೇಲೆ ಅಂಟಿಸಿದ್ದೆ, ಹಾಲು ತೆಗೆಯುವಾಗಲೆಲ್ಲ ನೋಡುತ್ತಿದ್ದೆ. ಮಗಳಲ್ಲ, ನಾನು.

10ನೇ ವಯಸ್ಸಿನಲ್ಲಿ ಅವಳು 50 ಯಾರ್ಡ್ ಫ್ರೀಸ್ಟೈಲ್‌ನಲ್ಲಿ 'ಎ' ಟೈಮ್ ಮಾಡಿದಳು. ಇನ್ನೇನು, ಗೋಲ್ಡ್ ಗ್ಯಾರಂಟಿ ಅಂತ ನಾನು ಮೈಸೂರಿಗೂ ಹೇಳಿಬಿಟ್ಟೆ. ಆಗಸ್ಟ್ ಕೊನೆಗೆ ರಾತ್ರಿ ಒಂಬತ್ತೂವರೆಗೆ ಗ್ರೂಪ್ ಹಂಚಿಕೆಯ ಮೇಲ್ ಬಂತು. ಮತ್ತೆ ಸಿಲ್ವರ್. ಅವಳಿಗಿಂತ ಒಂದು ಸೆಕೆಂಡ್ ಹಿಂದಿದ್ದ ಹುಡುಗಿ ಗೋಲ್ಡ್. ಕಾರಣ ಬರೆದಿರಲಿಲ್ಲ, ಹೊಸ ಫೀಸು ಮಾತ್ರ ಬರೆದಿತ್ತು. ನಮ್ಮಮ್ಮ ಫೋನಿನಲ್ಲಿ, 'ಅಂದ್ರೆ ಮಗು ಫೇಲಾ?' ಅಂದರು. ಏನು ಹೇಳಬೇಕೋ ತಿಳಿಯಲಿಲ್ಲ.

ಕೋಚ್ ಹತ್ತಿರ ಹೋದೆ. ಅವರು ವಾದ ಮಾಡಲಿಲ್ಲ, ಗ್ಯಾಲರಿಯಲ್ಲಿ ಕೂತು ಗೋಲ್ಡ್ ಗ್ರೂಪಿನ ಪ್ರಾಕ್ಟೀಸ್ ನೋಡಿ ಅಂದರು. ನೋಡಿದೆ. ಆವತ್ತಿನ ಸೆಟ್ 10 ಸಲ 100 ಯಾರ್ಡ್, ಪ್ರತಿ 1 ನಿಮಿಷ 30 ಸೆಕೆಂಡಿಗೆ ಒಂದು ಸಲ ಹೊರಡಬೇಕು. ಇದಕ್ಕೆ ಇಂಟರ್ವಲ್ ಅಂತಾರೆ. 1:22ಕ್ಕೆ ಬಂದರೆ 8 ಸೆಕೆಂಡ್ ಉಸಿರು ತಗೊಳ್ಳೋಕೆ ಸಿಗುತ್ತದೆ. 1:31ಕ್ಕೆ ಬಂದರೆ ಏನೂ ಇಲ್ಲ, ಹೊರಡುವ ಹೊತ್ತೇ ಮೀರಿರುತ್ತದೆ. ಒಂದು ಲೇನ್‌ನಲ್ಲಿ 6 ಮಕ್ಕಳು, ಐದೈದು ಸೆಕೆಂಡ್ ಅಂತರದಲ್ಲಿ, ಒಂದು ಬದಿಯಲ್ಲಿ ಹೋಗಿ ಇನ್ನೊಂದು ಬದಿಯಲ್ಲಿ ವಾಪಸ್. ಮಧ್ಯದಲ್ಲೊಬ್ಬರು ನಿಧಾನ ಆದರೆ ಹಿಂದಿನವಳ ಕೈ ಮುಂದಿನವಳ ಪಾದಕ್ಕೆ ತಾಗುತ್ತದೆ, ಆಮೇಲೆ ಅವಳ ಹಿಂದಿನವಳು, ಎರಡೇ ನಿಮಿಷದಲ್ಲಿ ಇಡೀ ಲೇನ್ ಗೋಡೆ ಹತ್ತಿರ ಗುಂಪಾಗಿ ನಿಂತಿರುತ್ತದೆ. ಒಂದು ಲೇನ್‌ನಲ್ಲಿ ಅದು ಆಗಿದ್ದನ್ನೂ ನೋಡಿದೆ. ನಮ್ಮ ಮಗಳು ಒಂದು 50ನ್ನು ಬಾಣದ ಹಾಗೆ ಈಜುತ್ತಾಳೆ, ನಾಲ್ಕನೇ 100ಕ್ಕೆ ಅವಳ ಕಥೆ ಮುಗಿಯುತ್ತಿತ್ತು. ಆ ಇನ್ನೊಂದು ಹುಡುಗಿ ಗಡಿಯಾರದ ಹಾಗೆ ಹತ್ತೂ 100 ಒಂದೇ ಸಮ ಈಜಿದಳು.

ಎರಡನೇ ಕಾರಣ ಬ್ರೆಸ್ಟ್‌ಸ್ಟ್ರೋಕ್ ಅನ್ನುವ ಸ್ಟ್ರೋಕ್, ಅಂದರೆ ಈಜುವ ಶೈಲಿ. ಅದರಲ್ಲಿ ಎರಡೂ ಕಾಲು ಒಟ್ಟಿಗೆ, ಒಂದೇ ತರಹ ಒದೆಯಬೇಕು. ಇವಳ ಬಲಗಾಲು ಕತ್ತರಿ ಆಡಿಸುತ್ತಿತ್ತು, ಎರಡು ಮೀಟ್‌ನಲ್ಲಿ (ಈಜು ಸ್ಪರ್ಧೆಯಲ್ಲಿ) ಡಿಸ್‌ಕ್ವಾಲಿಫೈ ಆಗಿದ್ದಳು. ಗೋಲ್ಡ್‌ಗೆ ನಾಲ್ಕೂ ಸ್ಟ್ರೋಕ್ ನಿಯಮದ ಪ್ರಕಾರ ಬರಬೇಕು. ಮಗಳನ್ನು ಕೇಳಿದರೆ, 'ಗೊತ್ತಮ್ಮಾ, ಕೋಚ್ ದಿನಾ ಹೇಳ್ತಾರೆ' ಅಂದಳು. ಗೊತ್ತಿಲ್ಲದೆ ಇದ್ದವಳು ನಾನೊಬ್ಬಳೇ!

ಹಾಗಾದರೆ ಎರಡೇ ಸ್ಟಾರ್ ಯಾಕೆ? ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮೊದಲೇ ಕೊಡಬಹುದಿತ್ತು. ಗೋಲ್ಡ್ ಅಂದರೆ ಈ ಇಂಟರ್ವಲ್, ಈ ಸ್ಟ್ರೋಕ್, ಇಷ್ಟು ಹಾಜರಿ, ಮುಗೀತು. ಇನ್ನೊಂದು ವಿಷಯ ನನಗೆ ತಿಳಿದದ್ದು ಎರಡು ವರ್ಷ ಆದ ಮೇಲೆ. ಕ್ಲಬ್‌ಗೆ ಸ್ವಂತ ಪೂಲ್ ಇಲ್ಲ, ಹೈಸ್ಕೂಲಿನ 6 ಲೇನ್ ಪೂಲ್ ಬಾಡಿಗೆಗೆ. ಲೇನ್‌ಗೆ 6 ಜನ ಅಂದರೆ ಗೋಲ್ಡ್‌ನಲ್ಲಿ 36ರ ಮೇಲೆ ಜಾಗ ಇಲ್ಲ. ಒಂದು ವರ್ಷ ಶಾಲೆಯವರು ಸಂಜೆ ಒಂದು ಗಂಟೆ ಕಡಿತ ಮಾಡಿದರು. ಆಗ ಟೆಸ್ಟ್‌ಗಳನ್ನೆಲ್ಲ ಪಾಸಾದ ಮಕ್ಕಳೂ ಕೆಳಗಿನ ಗ್ರೂಪಿನಲ್ಲೇ ಉಳಿದರು. ಮೇಲ್‌ನಲ್ಲಿ ಮಾತ್ರ 'ಇನ್ನೂ ಸಿದ್ಧವಾಗಿಲ್ಲ'. ಜಾಗ ಇಲ್ಲ ಅಂತ ನೇರ ಹೇಳಿದರೆ ಏನು ಹೋಗುತ್ತಿತ್ತು? ಮಗು ತನ್ನದೇ ತಪ್ಪು ಅಂದುಕೊಳ್ಳುತ್ತಲ್ಲ.

ವಯಸ್ಸಿನ ಲೆಕ್ಕದ ತಮಾಷೆಯೂ ಒಂದಿದೆ. ಇಲ್ಲಿ ಮೀಟ್‌ನ ಮೊದಲ ದಿನ ಎಷ್ಟು ವಯಸ್ಸೋ ಮೀಟ್ ಪೂರ್ತಿ ಅಷ್ಟೇ. ಇವಳ 11ನೇ ಹುಟ್ಟುಹಬ್ಬ ಶನಿವಾರ, ಮೀಟ್ ಶುರು ಶುಕ್ರವಾರ. ಶನಿವಾರ ಕೇಕ್ ಕತ್ತರಿಸಿ, ಭಾನುವಾರ ಚಿತ್ರಾನ್ನದ ಡಬ್ಬಿ ಹಿಡಿದು ಹೋಗಿ ಮತ್ತೆ 10 ವರ್ಷದವಳಾಗಿ ಈಜಿದಳು. ಮುಂದಿನ ಮೀಟ್‌ಗೆ 11-12ರ ಪಟ್ಟಿ. ಅದೇ ಟೈಮು, ಈಗ 'ಎ' ಅಲ್ಲ. ಆವತ್ತೇ ಫ್ರಿಜ್ ಮೇಲಿನ ಹಾಳೆ ಕಿತ್ತೆ.

ಸಿಲ್ವರ್‌ನಲ್ಲಿ ಕಳೆದ ಆ ಹೆಚ್ಚಿನ ಐದು ತಿಂಗಳು ಅವಳಿಗೆ ಒಳ್ಳೆಯದೇ ಆಯಿತು. ಲೇನ್‌ನಲ್ಲಿ ಮೊದಲನೆಯವಳಾಗಿ ಹೊರಡುತ್ತಿದ್ದಳು, ಗೋಡೆಯ ಗಡಿಯಾರ ನೋಡಿ ಎಲ್ಲರನ್ನೂ ಹೊರಡಿಸುವ ಕೆಲಸ ಅವಳದು, ಒದೆತ ಸರಿಯಾಯಿತು. ಜನವರಿಯಲ್ಲಿ ಗೋಲ್ಡ್‌ಗೆ ಹೋದಾಗ ಕೊನೆಯವಳಾಗಿ ಹೊರಟರೂ ಯಾರ ಕೈಯೂ ಅವಳ ಪಾದಕ್ಕೆ ತಾಗಲಿಲ್ಲ (ಕೊನೆಯವಳ ಹಿಂದೆ ಯಾರಿರುತ್ತಾರೆ ಅಂತ ಮಗಳೇ ನಕ್ಕಳು).

ಸೇರಿಸುವವರಿದ್ದರೆ ಟ್ರಯಲ್ ದಿನ ಟೈಮ್ ಕೇಳಬೇಡಿ. ಈ ಗ್ರೂಪಿನ 100ರ ಇಂಟರ್ವಲ್ ಎಷ್ಟು, ಲೇನ್‌ಗೆ ಎಷ್ಟು ಜನ, ವರ್ಷದ ಮಧ್ಯೆ ಮೇಲೆ ಕಳಿಸುತ್ತಾರಾ, ಇಷ್ಟು ಕೇಳಿ. ನಮಗೆ ಸೀನಿಯರ್ ವಿಷಯದ ಮೇಲ್ ಈ ವಾರ ಬರಬೇಕು. ಇವತ್ತು ಆಗಸ್ಟ್ 28, ರಾತ್ರಿ ಒಂಬತ್ತು ಗಂಟೆ. ಇನ್ನೂ ಬಂದಿಲ್ಲ.